ಉಲ್ಕಾವೀರನ ಹಾಲುತುಪ್ಪ

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಗೇಟು ತೆಗೆಯುವ ಮೊದಲೇ ತಿಪ್ಪೇಶಿ ಉಲ್ಕಾವೀರನನ್ನು ಸಾಯಿಸಿಬಿಟ್ಟ.

ಸಾಲಿನಲ್ಲಿ ಮುನ್ನೂರು ಜನ ನಿಂತಿದ್ದರು. ಟಾಕೀಸಿನ ಗೇಟಿಗೆ ನಿಂತ ತಿಪ್ಪೇಶಿ ಹಿಂದಿನ ರಾತ್ರಿ ಪರೀಕ್ಷೆಗೆ ಓಡಿಸಿದಾಗಲೇ ಸಿನಿಮಾ ನೋಡಿದ್ದ. ಎಲ್ಲರಿಗಿಂತ ಮುಂದಿದ್ದವನು ಹೊತ್ತು ಹೋಗಲಿ ಅಂತ ಕೇಳಿದ.

"ಹೆಂಗೈತಪ್ಪ ಪಿಚ್ಚರು?"

"ಚೆನ್ನಾಗೈತೆ. ಉಲ್ಕಾವೀರ ಸಾಯ್ತಾನೆ."

"ಏನಂದೆ?"

ಕಿವಿ ಮಂದ ಇರಬೇಕು ಅಂದುಕೊಂಡ ತಿಪ್ಪೇಶಿ. ಗಂಟಲು ಏರಿಸಿದ.

"ಉಲ್ಕಾವೀರ ಸಾಯ್ತಾನೆ! ಕತ್ತಲರಾಯನ್ನ ತಬ್ಬಿಕೊಂಡು ಬೆಂಕಿಬಾವಿಗೆ ಹಾರ್ತಾನೆ! ಕೆಂಪು ಶಾಲು ಒಂದೇ ಮೇಲಕ್ಕೆ ಬರಾದು!"

ಸಾಲಿನ ಕೊನೆಯವನಿಗೂ ಕೇಳಿಸಿತು.

ಉಲ್ಕಾವೀರ ಆ ಸಿನಿಮಾದ ನಾಯಕ. ಬೆನ್ನಿಗೆ ಕೆಂಪು ಶಾಲು ಕಟ್ಟಿ ಆಕಾಶದಲ್ಲಿ ಹಾರುವವನು. ಕತ್ತಲರಾಯ ಅವನ ವೈರಿ. ಊರಿನ ಹುಡುಗರು ಎರಡು ವರ್ಷ ಕಾದಿದ್ದ ಸಿನಿಮಾ. ಕೊನೆಯಲ್ಲಿ ಏನಾಗುತ್ತೆ ಅಂತ ಪಣ ಕಟ್ಟಿದ್ದವರೂ ಇದ್ದರು. ಅರ್ಧ ಸಾಲು ಮನೆಗೆ ಹೋಯಿತು. ಉಳಿದ ಅರ್ಧ ತಿಪ್ಪೇಶಿಯ ಕೊರಳಪಟ್ಟಿ ಹಿಡಿಯಿತು.

ಟಾಕೀಸಿನ ಧಣಿ ಪಂಪಣ್ಣ ಓಡಿ ಬಂದ.

"ಲೇ! ಒಂದು ವಾರ ನೋಡ್ತೀನಿ ಅಂದಿದ್ದೆ! ಒಂದು ಆಟ ಆಗಿಲ್ಲ, ಆಗಲೇ ಮನೆ ಹಾಳು ಮಾಡಿದೆಯಲ್ಲೋ!"

ವಿಷಯ ಇಷ್ಟು. ತಿಪ್ಪೇಶಿಯ ಅಪ್ಪ ಇಪ್ಪತ್ತಾರು ವರ್ಷ ಅದೇ ಗೇಟಿನಲ್ಲಿ ಟಿಕೆಟ್ ಹರಿದವನು. ಸತ್ತು ಒಂದೂವರೆ ವರ್ಷ. ತಾಯಿ ಓಬಮ್ಮನದು ಗೇಟಿನ ಎದುರಿಗೇ ಮಿರ್ಚಿ ಮಂಡಕ್ಕಿ ಅಂಗಡಿ. ಮಗನಿಗೆ ಮೂವತ್ತು. ಇನ್ನೂ ಒಂದು ಕೆಲಸ ನಿಂತಿಲ್ಲ. ಗಂಡನ ಜಾಗ ಮಗನಿಗೆ ಸಿಗಲಿ ಅಂತ ಪಂಪಣ್ಣನ ಕಾಲು ಹಿಡಿದಿದ್ದಳು. ಒಂದು ವಾರ ತಪ್ಪಿಲ್ಲದೆ ನಿಂತರೆ ಜಾಗ ಅವನದು. ನಿಲ್ಲದಿದ್ದರೆ ಇಲ್ಲ.

"ಅಯ್ಯೋ ಪೆದ್ದ ಮುಂಡೇದೆ! ಯಾಕೋ ಹೇಳಿದೆ?" ಅಂದಳು ಓಬಮ್ಮ.

"ನೀನೇ ಅಂದೆಯಲ್ಲವ್ವ. ಯಾರೇನು ಕೇಳಿದ್ರೂ ಕಂಬದಂಗೆ ನಿಲ್ಲಬೇಡ, ಇದ್ದದ್ದು ಇದ್ದಂಗೆ ಹೇಳು ಅಂತ."

"ಪಿಚ್ಚರಿನ ಕೊನೆ ಹೇಳಬಾರದೋ! ಇನ್ನು ಮೇಲೆ ಯಾರೇ ಬರಲಿ, ಏನೇ ಕೇಳಲಿ, ಒಳಗೆ ಹೋಗಿ ನೋಡಿ ಅನ್ನು. ಅಷ್ಟೇ."

"ಆಯ್ತವ್ವ. ಹಂಗೇ ಮಾಡ್ತೀನಿ."

ಶನಿವಾರ ಬೆಳಿಗ್ಗೆ ಒಬ್ಬ ಬಂದ.

"ಅಣ್ಣ, ಟಿಕೆಟ್ ಎಲ್ಲಿ ಕೊಡ್ತಾರೆ?"

"ಒಳಗೆ ಹೋಗಿ ನೋಡಿ."

ಅವನು ಹೋದ. ನೋಡಿದ.

ಇನ್ನೊಬ್ಬ ಬಂದ.

"ಬಸ್ ಸ್ಟ್ಯಾಂಡಿಗೆ ಹೆಂಗೆ ಹೋಗಬೇಕು?"

"ಒಳಗೆ ಹೋಗಿ ನೋಡಿ."

ಅವನೂ ಹೋದ.

ಕೋಲು ಹಿಡಿದು ಒಬ್ಬ ಅಜ್ಜಿ ಬಂದಳು.

"ನಮ್ಮ ಎಮ್ಮೆ ಹಗ್ಗ ಕಿತ್ತುಕೊಂಡು ಬಂತಪ್ಪ. ಈ ಕಡೆ ಏನಾರ ಕಂಡೆಯಾ?"

"ಒಳಗೆ ಹೋಗಿ ನೋಡಿ."

ಅಜ್ಜಿ ಕೋಲು ಹಿಡಿದೇ ಒಳಗೆ ಹೋದಳು.

ಕುರ್ಚಿಗಳು ತುಂಬಿದವು. ನಡುದಾರಿ ತುಂಬಿತು. ಪಂಪಣ್ಣ ಟಿಕೆಟ್ ಲೆಕ್ಕ ನೋಡಿದ, ಒಳಗಿನ ಗದ್ದಲ ಕೇಳಿದ, ಗೇಟಿಗೆ ಬಂದ.

"ಎಷ್ಟು ಜನಾನ್ನ ಬಿಟ್ಟೆಯೋ?"

"ಒಳಗೆ ಹೋಗಿ ನೋಡಿ."

"ಏನಲೇ?"

"ಒಳಗೆ ಹೋಗಿ ನೋಡಿ."

ಆಟ ಮುಗಿಯಿತು. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೊರಗೆ ಬಂದಳು. ಎಮ್ಮೆ ಇರಲಿಲ್ಲ ಅಂದಳು. ಆ ಹಾರೋ ಹುಡುಗನ ತಾಯಿಗೆ ಯಾರು ಗತಿ ಅಂತ ಕೇಳಿದಳು.

ಪಂಪಣ್ಣನ ಕೂಗು ಓಬಮ್ಮನ ಬಾಣಲೆಯವರೆಗೂ ಬಂತು.

"ಅಯ್ಯೋ ಪೆದ್ದ ಮುಂಡೇದೆ! ಧಣಿಗೆ ಎದುರು ಮಾತಾಡ್ತಾರೇನೋ?"

"ಯಾರೇ ಬರಲಿ ಅಂದೆಯಲ್ಲವ್ವ."

"ಟಿಕೆಟ್ ಇದ್ದೋರನ್ನ ಬಿಡು, ಇಲ್ದೋರನ್ನ ಬಿಡಬೇಡ. ಬಿಟ್ಟ ಮೇಲೆ ಅವರು ಏನಂದ್ರೂ ಹೌದು ಅನ್ನು. ಹೌದು ಅಂದೋನು ಯಾವತ್ತೂ ಕೆಟ್ಟಿಲ್ಲ."

"ಆಯ್ತವ್ವ. ಹಂಗೇ ಮಾಡ್ತೀನಿ."

ಅವತ್ತೇ ಸಂಜೆ ಓಬಮ್ಮನ ಅಂಗಡಿ ಮುಂದೆ ಇಬ್ಬರು ಜಗಳಕ್ಕೆ ಬಿದ್ದರು. ಒಬ್ಬ ಟೈಲರ್ ನಿಂಗರಾಜ. ಇನ್ನೊಬ್ಬ ಗ್ಯಾರೇಜಿನ ಶೇಕ್ಷಾವಲಿ. ಇಬ್ಬರೂ ಸಿನಿಮಾ ಎರಡು ಸಲ ನೋಡಿದ್ದರು. ಮೂರನೇ ಸಲಕ್ಕೆ ಟಿಕೆಟ್ ಜೇಬಿನಲ್ಲಿತ್ತು. ಇಬ್ಬರ ಹಿಂದೆಯೂ ಹುಡುಗರ ದಂಡು.

"ಸತ್ತಿಲ್ಲ ಕಣೋ! ಶಾಲು ನೋಡಿದೆಯೇನು? ಎಲ್ಲಾದ್ರೂ ಸುಟ್ಟಿತ್ತೇನು? ಕೊರಳ ಹತ್ರ ಗಂಟು ಹರಿದಿರಲಿಲ್ಲ, ಬಿಚ್ಚಿತ್ತು! ಬೆಂಕಿ ಗಂಟು ಬಿಚ್ಚುತ್ತೇನು? ಕೈ ಬೇಕು! ಬದುಕಿರೋನ ಕೈ ಬೇಕು!" ಅಂದ ನಿಂಗರಾಜ.

"ನೀನು ಬಟ್ಟೆ ನೋಡು, ನಾನು ಬೆಂಕಿ ನೋಡ್ತೀನಿ. ಬಾವಿ ಬಾಯಿಗಿದ್ದ ಕಬ್ಬಿಣದ ಸರಪಳಿ ಕರಗಿ ನೀರಾಯ್ತು. ಕಬ್ಬಿಣ ಕರಗೋ ಕಡೆ ಮೂಳೆ ಉಳಿಯುತ್ತೇನಪ್ಪ?"

"ಅವನು ನಕ್ಷತ್ರದಲ್ಲಿ ಹುಟ್ಟಿದೋನು! ಬೆಂಕಿ ಅವನಿಗೆ ತವರುಮನೆ!"

"ತವರುಮನೆಗೆ ಹೋದೋನು ವಾಪಸ್ ಬರಬೇಕಲ್ಲ! ಬಂದನೇನು?"

"ಬರ್ತಾನೆ! ಎರಡನೇ ಭಾಗದಲ್ಲಿ ಬರ್ತಾನೆ!"

"ಅವನ ತಮ್ಮ ಬರ್ತಾನೆ! ಶಾಲು ಎತ್ತಿಕೊಂಡೋನು ತಮ್ಮ ತಾನೆ?"

ಮಿರ್ಚಿ ತಣ್ಣಗಾದವು. ಯಾರೂ ಸೋಲಲಿಲ್ಲ. ಇಬ್ಬರೂ ತಿಪ್ಪೇಶಿಯ ಕಡೆ ತಿರುಗಿದರು. ಎಲ್ಲಾ ಆಟ ನೋಡಿದವನು ಅವನೊಬ್ಬನೇ.

"ನೀನು ಹೇಳು ತಿಪ್ಪೇಶಿ. ಬದುಕಿದ್ದಾನೆ ತಾನೆ?" ಅಂದ ನಿಂಗರಾಜ.

"ಹೌದು."

"ಲೇ! ಸತ್ತಿದ್ದಾನೆ ತಾನೆ?" ಅಂದ ಶೇಕ್ಷಾವಲಿ.

"ಹೌದು."

"ಯಾವುದಾದ್ರೂ ಒಂದು ಹೇಳೋ, ತಲೆ ಕೆಟ್ಟವನೆ!"

"ಹೌದು."

ಬೈದುಕೊಂಡೇ ಇಬ್ಬರೂ ಒಳಗೆ ಹೋದರು. ಕತ್ತಲಲ್ಲಿ ಇಬ್ಬರೂ ಒಂದೇ ಕುರ್ಚಿ ಹಿಡಿದರು.

"ಈ ಸೀಟು ನಂದು. ಹೌದೇನೋ?"

"ಹೌದು."

"ಅದು ಹೆಂಗೆ? ನಂದು!"

"ಹೌದು."

ಇನ್ನೊಬ್ಬ ಹೆಂಡತಿಯ ಜೊತೆ ಬಂದ. ಇದು ನಮ್ಮದಲ್ಲವಾ ಅಂದ. ತಿಪ್ಪೇಶಿ ಹೌದು ಅಂದ. ಒಂದು ಕುರ್ಚಿಯ ಮೇಲೆ ನಾಲ್ಕು ಜನ ಕೂತರು. ಕುರ್ಚಿ ಮುರಿಯಿತು.

"ಇನ್ನೊಂದು ತಪ್ಪು ಮಾಡು. ಇನ್ನೊಂದೇ ಒಂದು!" ಅಂದ ಪಂಪಣ್ಣ.

ಓಬಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದ ಮುಂಡೇದೆ! ಮಾತೇ ಬೇಡ ನಿನಗೆ. ನಾಳೆ ಬಾಯಿ ಬಿಡಬೇಡ. ನಾಲ್ಕು ಜನ ಏನು ಮಾಡ್ತಾರೋ ನೋಡು. ನೀನೂ ಕೈ ಜೋಡಿಸು. ಹಿಡಿದ ಕೆಲಸ ಅರ್ಧಕ್ಕೆ ಬಿಡಬೇಡ, ಪೂರ್ತಿ ಮಾಡು."

ತಿಪ್ಪೇಶಿ ತಲೆ ಆಡಿಸಿದ. ಬಾಯಿ ಆಗಲೇ ಮುಚ್ಚಿದ್ದ.

ಭಾನುವಾರ ಬೆಳಿಗ್ಗೆ ನಿಂಗರಾಜನ ಕಡೆಯವರು ಬಂದರು. ಗೇಟಿನ ಪಕ್ಕ ಉಲ್ಕಾವೀರನ ಮೂವತ್ತಡಿ ಕಟೌಟು. ಏಣಿ ಹಾಕಿದರು. ಬಿಂದಿಗೆ ಬಿಂದಿಗೆ ಹಾಲು ಏರಿಸಿದರು. ನಿಂಗರಾಜ ತುದಿಯಲ್ಲಿ ನಿಂತು ತಲೆ ಮೇಲೆ ಸುರಿದ. ಕೆಳಗೆ ಡೊಳ್ಳು, ಶಿಳ್ಳೆ.

ತಿಪ್ಪೇಶಿ ನೋಡಿದ. ಬೆರಳು ಮಡಿಚಿ ಎಣಿಸಿದ. ಶುಕ್ರವಾರ ಸತ್ತ. ಶನಿವಾರ ಎರಡು. ಭಾನುವಾರ ಮೂರು. ಮೂರನೇ ದಿನ ಹಾಲು ಹಾಕುತ್ತಿದ್ದಾರೆ. ಅಪ್ಪನಿಗೂ ಮೂರನೇ ದಿನವೇ ಹಾಕಿದ್ದು. ಹಾಲುತುಪ್ಪ!

ಆದರೆ ಹಾಲು ಮಾತ್ರ ಹಾಕುತ್ತಿದ್ದಾರೆ. ತುಪ್ಪ ಎಲ್ಲಿ? ಎಡೆ ಎಲ್ಲಿ? ತಲೆ ಬೋಳಿಸಿಕೊಂಡವನು ಎಲ್ಲಿ? ಅರ್ಧ ಕೆಲಸ.

ತಿಪ್ಪೇಶಿ ಮೂಲೆಯ ಕ್ಷೌರದಂಗಡಿಗೆ ಹೋಗಿ ತಲೆ ಒಡ್ಡಿ ಕೂತ. ಯಾರು ಹೋದರಪ್ಪ ಅಂತ ಕೇಳಿದ ಕ್ಷೌರದವನು. ತಿಪ್ಪೇಶಿ ಬಾಯಿ ಬಿಡಲಿಲ್ಲ. ಕಟೌಟಿನ ಕಡೆ ಕೈ ತೋರಿಸಿದ. ಅವನಿಗೆ ಅರ್ಥವಾಗಲಿಲ್ಲ. ತಲೆ ತಲೆಯೇ. ಬೋಳಿಸಿದ.

ಆಮೇಲೆ ತಿಪ್ಪೇಶಿ ಬಾಳೆಎಲೆ ತಂದ. ಕಟೌಟಿನ ಪಾದದ ಹತ್ತಿರ ಹಾಸಿದ. ಅಂಗಡಿಯಿಂದ ಎರಡು ಮಿರ್ಚಿ ತಂದಿಟ್ಟ. ಒಂದು ಹಿಡಿ ಮಂಡಕ್ಕಿ ಇಟ್ಟ. ಸತ್ತವರಿಗೆ ಇಷ್ಟವಾದದ್ದು ಇಡಬೇಕು. ಉಲ್ಕಾವೀರ ಸಿನಿಮಾದಲ್ಲಿ ತಿನ್ನುವುದು ಒಂದೇ ಸಲ, ಅದೂ ಬಾಳೆಹಣ್ಣು. ಒಂದು ಬಾಳೆಹಣ್ಣು ಇಟ್ಟ. ತುಪ್ಪ ಬಿಟ್ಟ. ಉದ್ದಕ್ಕೆ ಅಡ್ಡಬಿದ್ದ. ಎದ್ದು ದೂರ ಸರಿದು, ಆಕಾಶ ನೋಡಿ ಕಾಗೆ ಕರೆದ. ಅದು ಮಾತಲ್ಲವಲ್ಲ.

"ಕಾ! ಕಾ! ಕಾ!"

ಡೊಳ್ಳು ನಿಂತಿತು.

ಕಾಗೆ ಬಂತು. ಕಟೌಟಿನ ಭುಜದ ಮೇಲೆ ಕೂತಿತು. ಕೆಳಗೆ ನೋಡಿತು. ಇಳಿದು ಬಾಳೆಹಣ್ಣು ಕುಕ್ಕಿತು.

"ಮುಟ್ಟಿತು!" ಅಂತ ಕುಣಿದ ಶೇಕ್ಷಾವಲಿ. "ನಿಮ್ಮ ಕಾಗೆಯೇ ಮುಟ್ಟಿತು ನೋಡ್ರಪ್ಪ! ಸತ್ತಿದ್ದಾನೆ! ಇನ್ನೇನು ಬೇಕು?"

"ಹಸಿದ ಕಾಗೆ ಕಣಲೇ! ನಾನು ಬಾಳೆಹಣ್ಣು ಹಿಡಿದು ನಿಂತರೂ ಮುಟ್ಟುತ್ತೆ. ನಾನು ಸತ್ತಿದ್ದೀನೇನು?" ಅಂತ ಏಣಿ ಮೇಲಿಂದ ಕೂಗಿದ ನಿಂಗರಾಜ.

"ನಿಲ್ಲು, ನೋಡೋಣ!"

ನಿಂಗರಾಜ ಇಳಿದು ಬಂದ. ಬಾಳೆಹಣ್ಣು ಸುಲಿದು ಕೈ ಚಾಚಿ ನಿಂತ. ಮುನ್ನೂರು ಜನ ಉಸಿರು ಬಿಗಿಹಿಡಿದರು. ಕಾಗೆ ಅವನನ್ನು ನೋಡಿತು. ಹಣ್ಣನ್ನು ನೋಡಿತು. ಹಾರಿ ಹೋಯಿತು.

ಆಮೇಲೆ ಶೇಕ್ಷಾವಲಿಯ ಕಡೆಯವರನ್ನು ಹಿಡಿಯುವವರಿಲ್ಲ. ನಿಂಗರಾಜನ ಕಡೆಯವರು ಗೇಟಿಗೆ ಅಡ್ಡ ಕೂತರು.

"ಟಾಕೀಸಿನವರೇ ನಮ್ಮ ವೀರನಿಗೆ ಎಡೆ ಇಟ್ಟಿದ್ದಾರೆ! ಬದುಕಿದೋನಿಗೆ ತಿಥಿ ಮಾಡಿದ್ದಾರೆ! ಒಬ್ಬರನ್ನೂ ಒಳಗೆ ಬಿಡಲ್ಲ!"

ಬೆಳಗಿನ ಆಟ ನಿಂತಿತು. ಮಧ್ಯಾಹ್ನದ್ದೂ ನಿಂತಿತು. ಪಂಪಣ್ಣ ತಿಪ್ಪೇಶಿಯ ಬೋಳುತಲೆಯ ಮುಂದೆ ಬಂದು ನಿಂತ.

"ನೀನೇ ಕೊಂದೆ. ನೀನೇ ಬದುಕಿಸು! ಸಂಜೆ ಆಟದಲ್ಲಿ ಅವನು ಬದುಕಿರಬೇಕು. ಇಲ್ಲ ಅಂದ್ರೆ ನಾಳೆಯಿಂದ ಈ ಗೇಟಿನ ಕಡೆ ತಲೆ ಹಾಕಬೇಡ. ತಿಳೀತಾ?"

ಸಂಜೆ ಬದುಕಿಸುತ್ತೇವೆ ಅಂತ ಅಡ್ಡ ಕೂತವರಿಗೂ ಹೇಳಿದ. ಏನಾದರೂ ಹೇಳಿ ಎಬ್ಬಿಸಬೇಕಲ್ಲ. ಎದ್ದರು. ಟಿಕೆಟ್ ಕೊಂಡರು.

ತಿಪ್ಪೇಶಿ ತಾಯಿಯ ಹತ್ತಿರ ಹೋದ. ಓಬಮ್ಮ ಬೋಳುತಲೆ ನೋಡಿ ಜಾಲರಿ ಕೈಬಿಟ್ಟಳು.

"ಅಯ್ಯೋ! ನಾನಿನ್ನೂ ಬದುಕಿದ್ದೀನಲ್ಲೋ! ಯಾರು ಸತ್ತರೋ? ಬಾಯಿ ಬಿಡೋ!"

"ಉಲ್ಕಾವೀರ. ಅವ್ವ, ಸತ್ತೋರನ್ನ ಬದುಕಿಸಾದು ಹೆಂಗೆ?"

ಓಬಮ್ಮ ಅಲ್ಲೇ ಕೂತಳು. ಬೈಯುವ ಶಕ್ತಿ ಇರಲಿಲ್ಲ.

"ಸತ್ತ ಮೇಲೆ ಏನೂ ಆಗಲ್ಲ ಮಗನೆ. ನಿಮ್ಮಪ್ಪನ್ನ ಬದುಕಿಸೋಕೆ ಆಯ್ತೇನು? ಏನು ಮಾಡಿದ್ರೂ ಸಾಯೋಕೆ ಮುಂಚೆ ಮಾಡಬೇಕಾಗಿತ್ತು."

"ಆಯ್ತವ್ವ. ಹಂಗೇ ಮಾಡ್ತೀನಿ."

ಸಂಜೆ ಆಟ. ಎರಡೂ ಕಡೆಯವರು ಒಳಗೆ. ತಿಪ್ಪೇಶಿ ಬಾಗಿಲ ಪಕ್ಕ, ಮೇನ್ ಸ್ವಿಚ್ಚಿನ ಕೆಳಗೆ ನಿಂತ. ಕತ್ತಲರಾಯ ಬಂದ. ಬೆಂಕಿಬಾವಿ ಬಂತು. ಉಲ್ಕಾವೀರ ಬಾವಿಯ ಕಟ್ಟೆ ಹತ್ತಿದ. ಒಂದು ಕಾಲು ಎತ್ತಿದ.

ತಿಪ್ಪೇಶಿ ಸ್ವಿಚ್ ಎಳೆದ.

ಕತ್ತಲು. ತಿಪ್ಪೇಶಿ ಬಾಗಿಲು ತೆರೆದ.

"ಉಲ್ಕಾವೀರ ಸಾಯಲಿಲ್ಲ! ಎಲ್ಲಾರೂ ಮನೆಗೆ ಹೋಗಿ!"

ನಿಂಗರಾಜ ಶಿಳ್ಳೆ ಹೊಡೆದ.

"ಬದುಕಿದ! ಕಣ್ಣಾರೆ ನೋಡಿದೆವಪ್ಪ! ಬಾವಿಗೆ ಬೀಳಲೇ ಇಲ್ಲ!"

ತಿಪ್ಪೇಶಿಯನ್ನು ಹೆಗಲ ಮೇಲೆ ಹೊತ್ತರು. ಶೇಕ್ಷಾವಲಿ ಪಂಪಣ್ಣನ ಮೇಲೆ ಬಿದ್ದ.

"ಇದು ಅನ್ಯಾಯ! ನಾವೂ ದುಡ್ಡು ಕೊಟ್ಟೀವಿ! ನಮ್ಮ ಸಾವು ನಮಗೆ ಕೊಡಿ!"

ಪಂಪಣ್ಣ ಒಂದು ಕಡೆ ನೋಡಿದ. ಇನ್ನೊಂದು ಕಡೆ ನೋಡಿದ. ವ್ಯಾಪಾರ ಗೊತ್ತಿದ್ದ ಮನುಷ್ಯ.

ಸೋಮವಾರದಿಂದ ಮಧ್ಯಾಹ್ನದ ಆಟದಲ್ಲಿ ಉಲ್ಕಾವೀರ ಸಾಯುತ್ತಿದ್ದ. ಸಂಜೆ ಆಟದಲ್ಲಿ ಬದುಕುತ್ತಿದ್ದ. ಸತ್ತ ಅನ್ನುವವರು ಮಧ್ಯಾಹ್ನ ಬಂದು ಅತ್ತರು. ಬದುಕಿದ ಅನ್ನುವವರು ಸಂಜೆ ಬಂದು ಕುಣಿದರು. ಎರಡು ಕಡೆಯವರೂ ತಮ್ಮ ಆಟಕ್ಕೆ ಜನ ಹೆಚ್ಚು ಅಂತ ತೋರಿಸಲು ನೆಂಟರನ್ನೆಲ್ಲ ಕರೆತಂದರು. ಪಕ್ಕದ ಊರಿನವರೂ ಬಂದರು. ಗುರುವಾರದವರೆಗೆ ಒಂದು ಕುರ್ಚಿ ಖಾಲಿ ಇರಲಿಲ್ಲ.

ವಾರ ತುಂಬಿತು. ಪಂಪಣ್ಣ ಓಬಮ್ಮನ ಅಂಗಡಿಗೆ ತಾನೇ ನಡೆದು ಬಂದ.

"ಗಂಡನ ಜಾಗ ಮಗನಿಗೆ ಕೊಟ್ಟೀನಿ ಕಣಮ್ಮ. ಲೇ ತಿಪ್ಪೇಶಿ, ಟಿಕೆಟ್ ಹರಿ. ಸ್ವಿಚ್ಚಿನ ಹತ್ರ ನಿಲ್ಲು. ಮಾಡಿದಂಗೇ ಮಾಡ್ತಾ ಹೋಗು."

ಓಬಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು. ಸಾಲಿನಲ್ಲಿದ್ದವರಿಗೆಲ್ಲ ಒಂದೊಂದು ಮಿರ್ಚಿ ಹಂಚಿದಳು.

"ಧಣಿ ಮಾತು ಕೇಳಿದೆಯಾ? ಮಾಡಿದಂಗೇ ಮಾಡು. ಹೊಸದೇನೂ ಮಾಡಬೇಡ, ನನ್ನಪ್ಪ."

"ಆಯ್ತವ್ವ. ಹಂಗೇ ಮಾಡ್ತೀನಿ."

ಶುಕ್ರವಾರ ಸಿನಿಮಾ ಬದಲಾಯಿತು. ಸಂಸಾರದ ಕತೆ. ಸಂಜೆ ಆಟಕ್ಕೆ ಹೆಂಗಸರು ಮಕ್ಕಳು ತುಂಬಿದರು. ತಿಪ್ಪೇಶಿ ಟಿಕೆಟ್ ಹರಿದ, ಟಿಕೆಟ್ ಇಲ್ಲದೆ ಯಾರನ್ನೂ ಒಳಗೆ ಬಿಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಪಂಪಣ್ಣನಿಗೂ ಸಂತೋಷವಾಯಿತು. ದೀಪ ಆರಿತು. ಪರದೆಯ ಮೇಲೆ ದೊಡ್ಡ ಮನೆ. ಮಂಚದ ಮೇಲೆ ಮುದುಕ. ಮೂರು ಜನ ಮಕ್ಕಳನ್ನು ಹತ್ತಿರ ಕರೆದ. ಕೆಮ್ಮಿದ. ನನ್ನ ಕೊನೆ ಮಾತು ಕೇಳಿ ಅಂದ.

ತಿಪ್ಪೇಶಿ ಸ್ವಿಚ್ ಎಳೆದ.

"ಅಜ್ಜ ಸಾಯಲಿಲ್ಲ! ಎಲ್ಲಾರೂ ಮನೆಗೆ ಹೋಗಿ!"

ಆಟ ನಾಲ್ಕು ನಿಮಿಷ ನಡೆಯಿತು. ಶನಿವಾರ ಗೇಟಿಗೆ ಬೇರೆಯವನು ಬಂದ. ತಿಪ್ಪೇಶಿ ತಾಯಿಯ ಅಂಗಡಿಯಲ್ಲಿ ಮೆಣಸಿನಕಾಯಿ ಸೀಳುತ್ತಾನೆ.