ಮರಕುಟಿಗ ಹೇಳಿದ್ದು ಒಂದೇ ಮಾತು

ಹಾಲುಗಲ್ಲು ಹಳ್ಳದ ದಂಡೆಯಲ್ಲಿ ಒಂದು ಕಾಡು ಇತ್ತು. ಆ ಕಾಡಿನಲ್ಲಿ ಹಣ್ಣಿನ ಮರಗಳಿಗೆ ಕೊರತೆ ಇರಲಿಲ್ಲ. ಮಾತಿಗಂತೂ ಮೊದಲೇ ಇರಲಿಲ್ಲ. ಬೆಳಗ್ಗೆ ಗಿಳಿಗಳು ಶುರು ಮಾಡಿದರೆ ಕತ್ತಲಾಗುವವರೆಗೆ ಯಾರಾದರೊಬ್ಬರು ಏನಾದರೊಂದು ಹೇಳುತ್ತಲೇ ಇರುತ್ತಿದ್ದರು. ಅಂಥ ಕಾಡಿನಲ್ಲಿ ಒಬ್ಬ ಮರಕುಟಿಗ ಇದ್ದ.

ಅವನು ಮಾತೇ ಆಡುತ್ತಿರಲಿಲ್ಲ ಎಂದಲ್ಲ, ಮಕ್ಕಳೇ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ. ಉತ್ತರ ಮುಗಿದ ಮೇಲೆ ಬಾಯಿ ಮುಚ್ಚುತ್ತಿದ್ದ. ಕಾಡಿನವರಿಗೆ ಇದು ಸಹಿಸಲಾಗದ ಗುಣ.

"ಏನಪ್ಪಾ ಕುಟಿಗ, ಚೆನ್ನಾಗಿದ್ದೀಯಾ?" ಎಂದರೆ "ಹೂಂ" ಎನ್ನುತ್ತಿದ್ದ. ನೀವು ಹೇಗಿದ್ದೀರಿ ಎಂದು ತಿರುಗಿ ಕೇಳಬೇಕೆಂಬುದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಅಳಿಲಮ್ಮನ ಮರಿಯನ್ನು ನೋಡಲು ಎಲ್ಲರೂ ಹೋದಾಗ ಅವನೂ ಹೋದ. ಗಿಳಿ "ಬಂಗಾರದಂಥ ಮರಿ" ಎಂದಿತು. ಪಾರಿವಾಳ "ಥೇಟ್ ಅಜ್ಜಿಯ ಕಣ್ಣು" ಎಂದಿತು. ಮರಕುಟಿಗ ಮರಿಯನ್ನು ಸಾಕಷ್ಟು ಹೊತ್ತು ನೋಡಿ, "ಬಾಲ ಚಿಕ್ಕದು" ಎಂದು ಹೇಳಿ ಹಾರಿಹೋದ. ಬಾಲ ಚಿಕ್ಕದೇ ಇತ್ತು. ಆದರೂ ಅಳಿಲಮ್ಮ ಅವನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಟ್ಟಿದ್ದಾಳೆಂಬುದು ಅವನಿಗೆ ಇನ್ನೂ ಗೊತ್ತಾಗಿಲ್ಲ.

ಇಷ್ಟಿದ್ದರೂ ಅವನನ್ನು ಬಿಡುವಂತಿರಲಿಲ್ಲ. ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಮರದ ಪೊಟರೆಯಲ್ಲಿ ಸಂಸಾರ ಹೂಡುವವರು ಮೊದಲು ಮರಕುಟಿಗನನ್ನು ಕರೆಸಿ, ಮರ ಕುಟ್ಟಿಸಿ ನೋಡಬೇಕು. ಕರೆಸಿದವರು ಹಣ್ಣು ಇಡಬೇಕು. ಬಂದವನು ಹಣ್ಣು ತಿಂದು, ಮನೆಮಂದಿಯ ಕ್ಷೇಮ ವಿಚಾರಿಸಿ, ಜಾಗವನ್ನು ನಾಲ್ಕು ಮಾತು ಹೊಗಳಿ, ಆಮೇಲೆ ಮರ ಕುಟ್ಟಿ, ಹೊರಡುವಾಗ ತನ್ನ ಅಭಿಪ್ರಾಯ ಹೇಳಬೇಕು. ಹಳೆಯ ಮರಕುಟಿಗರೆಲ್ಲ ಹಾಗೇ ಮಾಡುತ್ತಿದ್ದರಂತೆ. ಇವನು ಅದರಲ್ಲಿ ಮರ ಕುಟ್ಟುವುದನ್ನೂ ಅಭಿಪ್ರಾಯವನ್ನೂ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದ.

ಒಂದು ಬೇಸಿಗೆಯಲ್ಲಿ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಮನೆ ಹುಡುಕುತ್ತ ಆ ಕಾಡಿಗೆ ಬಂತು. ಮಂಗಟ್ಟೆಯ ಕೊಕ್ಕು ದೊಡ್ಡದು, ಸಂಸಾರದ ರೀತಿ ಬೇರೆ. ಹೆಣ್ಣು ಪೊಟರೆಯ ಒಳಗೆ ಹೋಗಿ ಕೂರುತ್ತಾಳೆ. ಬಾಗಿಲಿಗೆ ಮಣ್ಣು ಮೆತ್ತಿ, ಕೊಕ್ಕು ತೂರುವಷ್ಟು ಸಂದಿ ಮಾತ್ರ ಬಿಡುತ್ತಾರೆ. ಒಳಗೆ ಅವಳು ಮೊಟ್ಟೆಯಿಟ್ಟು ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿಕೊಳ್ಳುತ್ತಾಳೆ. ಗಂಡು ಹಣ್ಣು ತಂದು ಸಂದಿಯಲ್ಲಿ ಕೊಡಬೇಕು. ಹೊಸ ಗರಿ ಬರುವವರೆಗೆ ಅವಳು ಹಾರುವಂತಿಲ್ಲ. ಹಾಗಾಗಿ ಮಂಗಟ್ಟೆಗಳಿಗೆ ಮರ ಆರಿಸುವುದು ಸಣ್ಣ ವ್ಯವಹಾರವಲ್ಲ. ಚೆನ್ನಾಗಿಲ್ಲ ಎಂದು ಮರುದಿನ ಹಿಂದಿರುಗಿಸಲು ಬರುವ ಸರಕಲ್ಲ ಅದು.

ಗಂಡು ಮಂಗಟ್ಟೆರಾಯ ಒಂದು ತಾರೆಮರವನ್ನು ಮೆಚ್ಚಿದ. ಹಳ್ಳದ ಅಂಚಿನಲ್ಲೇ ನಿಂತ ಎತ್ತರದ ಮರ. ದಾರಿಯಲ್ಲಿ ಹಾರುವವರ ಕಣ್ಣಿಗೆಲ್ಲ ಬೀಳುವಂಥದ್ದು. ಪದ್ಧತಿಯಂತೆ ಮರಕುಟಿಗನನ್ನು ಕರೆಸಿದ.

"ಬಾ ಕುಟಿಗಪ್ಪ, ಬಾ. ಹಣ್ಣು ತಗೋ. ಆಲದ ಹಣ್ಣು, ಇವತ್ತೇ ತಂದದ್ದು."

"ಬೇಡ."

ಮರಕುಟಿಗ ಇರುವೆ ತಿಂದು ಬದುಕುವವನು. ನನಗೆ ಹಣ್ಣು ಸೇರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ.

"ಜಾಗ ನೋಡಿದೆಯಾ? ಎದುರಿಗೆ ನೀರು, ಮೇಲೆ ತಂಪು ಗಾಳಿ. ಹೇಗನಿಸುತ್ತೆ?"

ಮರಕುಟಿಗ ಇನ್ನೂ ಮರ ಕುಟ್ಟಿರಲಿಲ್ಲ, ಹೇಳುವುದಕ್ಕೆ ಏನೂ ಇರಲಿಲ್ಲ. ಬುಡಕ್ಕಿಳಿದು ಕುಟ್ಟಿದ. ಸುತ್ತು ಬಂದು ಕುಟ್ಟಿದ. ತಲೆ ವಾಲಿಸಿ ಕೇಳಿಸಿಕೊಂಡ. ಮೇಲೆ ಬಂದು, "ಇದೂ ಬೇಡ" ಎಂದ. ಅಷ್ಟು ಹೇಳಿದವನೇ ಹಾರಿ, ಪಕ್ಕದ ಗಂಟುಗಂಟಾದ ಮತ್ತಿಮರದ ಮೇಲೆ ಕೂತು ಅಲ್ಲಿ ಕುಟ್ಟತೊಡಗಿದ.

ಮಂಗಟ್ಟೆರಾಯನ ಕೊಕ್ಕು ತೆರೆದದ್ದು ತೆರೆದ ಹಾಗೇ ಇತ್ತು.

"ನೋಡಿದೆಯೇನೇ? ಹಣ್ಣೂ ಬೇಡವಂತೆ, ಮರವೂ ಬೇಡವಂತೆ. ಮಾತಾಡ್ತಾ ಇರೋವಾಗಲೇ ಎದ್ದು ಹೋಗಿ ಅಲ್ಲಿ ಹುಳ ಹುಡುಕ್ತಾ ಇದ್ದಾನೆ. ನಮ್ಮನ್ನ ಏನಂತ ತಿಳಿದಿದ್ದಾನೆ?"

"ಯಾಕೆ ಬೇಡ ಅಂತ ಒಂದು ಮಾತು ಕೇಳಿ ನೋಡಿ, ರೀ," ಎಂದಳು ಹೆಂಡತಿ.

"ನಾನ್ಯಾಕೆ ಕೇಳಲಿ? ಹೇಳೋ ಮರ್ಯಾದೆ ಅವನಿಗಿರಬೇಕು."

ಮತ್ತಿಮರದ ಮೇಲೆ ಮರಕುಟಿಗ ಇನ್ನಷ್ಟು ಹೊತ್ತು ಕುಟ್ಟಿದ. ಈ ಕಡೆ ಒಮ್ಮೆ ನೋಡಿದ. ಆಮೇಲೆ ಹೊರಟುಹೋದ.

ಒಬ್ಬನ ಅಂಗಡಿಯಲ್ಲಿ ಮಾತು ಸಿಗದ ಗಿರಾಕಿಯನ್ನು ಕರೆದು ಕೂರಿಸಲು ಪಕ್ಕದ ಅಂಗಡಿಯವನು ಇದ್ದೇ ಇರುತ್ತಾನೆ. ಇಲ್ಲಿ ಅವನ ಹೆಸರು ಗೊರವಂಕ. ಎಲ್ಲಿ ಹಣ್ಣು ಇಟ್ಟಿದ್ದಾರೆಂಬುದು ಗೊರವಂಕನಿಗೆ ಹೇಗೆ ಗೊತ್ತಾಗುತ್ತಿತ್ತೋ, ಗೊತ್ತಾಗುತ್ತಿತ್ತು.

"ಏನು ರಾಯರೇ, ಮುಖ ಸಪ್ಪಗಿದೆ? ಅತ್ತಿಗೆ, ಆರೋಗ್ಯ ತಾನೇ? ಅಯ್ಯೋ, ಇದೇನಾ ಮನೆ! ಮರ ಅಂತೀರಲ್ಲ ಇದನ್ನ, ಅರಮನೆ ಅನ್ನಿ!"

"ಕುಟಿಗ ಬೇಡ ಅಂದ," ಎಂದ ರಾಯ.

"ಅನ್ನದೆ ಏನು ಮಾಡ್ತಾನೆ? ಹೊಟ್ಟೆಕಿಚ್ಚು. ಅವನ ಮನೆ ನೋಡಿದ್ದೀರಾ? ಒಂದು ತೂತು. ಅಂಥವನು ನಿಮ್ಮ ಮನೆಗೆ ಹೆಸರಿಡೋದಾ?" ಎನ್ನುತ್ತ ಗೊರವಂಕ ಹಣ್ಣನ್ನೆಲ್ಲ ತಿಂದು ಮುಗಿಸಿದ. ಕೊನೆಗೆ ಕೊಕ್ಕನ್ನು ಮರಕ್ಕೆ ಒರೆಸಿಕೊಳ್ಳುವಾಗ ಸಣ್ಣದಾಗಿ ಒಂದು ಸದ್ದಾಯಿತು. "ಕೇಳಿದಿರಾ? ಕಬ್ಬಿಣ!" ಎಂದ.

ರಾಯನಿಗೆ ಸಮಾಧಾನವಾಯಿತು. ಹೆಂಡತಿ ಒಳಗೆ ಹೋದಳು. ಬಾಗಿಲಿಗೆ ಮಣ್ಣು ಮೆತ್ತಿದರು.

ಸ್ವಲ್ಪ ದಿನ ಎಲ್ಲ ಸರಿಯಾಗಿತ್ತು. ಅವಳು ಒಂದು ಮೊಟ್ಟೆಯಿಟ್ಟಳು, ಗರಿ ಉದುರಿಸಿಕೊಂಡಳು. ಆಮೇಲೆ ಬಾಗಿಲಿನ ಮಣ್ಣು ಬಿರುಕು ಬಿಡತೊಡಗಿತು. ರಾಯ ಮೆತ್ತಿದ. ಮತ್ತೆ ಬಿಟ್ಟಿತು. ಮತ್ತೆ ಮೆತ್ತಿದ.

"ಹೊಸ ಮಣ್ಣು, ರಾಯರೇ. ಒಣಗುವಾಗ ಬಿರಿಯೋದೇ ಅದರ ಲಕ್ಷಣ," ಎಂದ ಗೊರವಂಕ. ಅವನು ದಿನವೂ ಬಂದು ಹೋಗುತ್ತಿದ್ದ, ಅತ್ತಿಗೆಗೆ ಬಂದ ಹಣ್ಣಿನ ರುಚಿ ನೋಡಲು.

ಒಂದು ದಿನ ಹೆಂಡತಿ ಒಳಗಿಂದ ಕರೆದಳು. "ರೀ, ಮಣ್ಣಿನ ದೋಷ ಅಲ್ಲ ಇದು. ಮೊಟ್ಟೆ ಎಲ್ಲಿಟ್ಟರೂ ಉರುಳಿ ಅದೇ ಮೂಲೆಗೆ ಹೋಗ್ತಾ ಇದೆ. ಮರ ಹಳ್ಳದ ಕಡೆ ವಾಲಿದೆ."

"ನಿನಗೆ ಒಳಗೆ ಕೂತೂ ಕೂತೂ ಹಾಗನಿಸ್ತಿದೆ ಅಷ್ಟೆ."

ಅಷ್ಟರಲ್ಲಿ ಮುಂಗಾರಿನ ಮೊದಲ ಗಾಳಿ ಬಂತು. ಮರದ ಬುಡದಲ್ಲಿ ಏನೋ ಲಟಕ್ಕೆಂದಿತು. ಕೊಂಬೆಯ ಮೇಲೆ ಕೂತಿದ್ದ ಗೊರವಂಕ ಬಾಯಲ್ಲಿದ್ದ ಹಣ್ಣನ್ನು ನುಂಗಿ, "ರಾಯರೇ, ಮನೆಯಲ್ಲಿ ಸ್ವಲ್ಪ ಕೆಲಸ. ಅತ್ತಿಗೆ, ದೇವರು ಒಳ್ಳೇದು ಮಾಡಲಿ," ಎಂದು ಹಾರಿದ. ಹೋಗುವಾಗಲೂ ಒಳ್ಳೆಯ ಮಾತು ಹೇಳಿಯೇ ಹೋದ.

"ಹೋಗಿ ಅವನನ್ನ ಕರ್ಕೊಂಡು ಬನ್ನಿ," ಎಂದಳು ಹೆಂಡತಿ.

"ಗೊರವಂಕನ್ನಾ? ಈಗ ತಾನೇ ಹೋದ."

"ಗೊರವಂಕ ಬಂದು ಏನು ಮಾಡ್ತಾನೆ? ಮರ ಬೀಳೋದು ಎಷ್ಟು ಚೆಂದ ಅಂತಾನೆ. ಬೇಡ ಅಂದವನನ್ನ ಕರೀರಿ."

"ಆ ಒರಟನ್ನಾ? ಅವನು ಬರ್ತಾನಾ?"

"ಬರ್ತಾನೋ ಇಲ್ವೋ ಅಂತ ಇಲ್ಲಿ ಕೂತು ಕೇಳಿದರೆ ಗೊತ್ತಾಗುತ್ತಾ? ಹೋಗಿ!"

ರಾಯ ಹೋದ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಚೆನ್ನಾಗಿ ಜೋಡಿಸಿಕೊಂಡ.

"ಕುಟಿಗಪ್ಪ, ಅವತ್ತು ನನ್ನ ಮನಸ್ಸಿಗೆ ಸ್ವಲ್ಪ ನೋವಾಗಿ, ಅದರಿಂದಾಗಿ ನಾನು..."

"ಯಾವ ಕಡೆ ವಾಲಿದೆ?"

"ಹಳ್ಳದ ಕಡೆ. ಆದರೆ ನೀನು ಬೇಜಾರು ಮಾಡ್ಕೋಬಾರದು, ನಾನು ಏನು ಹೇಳೋಕೆ ಬಂದೆ ಅಂದ್ರೆ..."

ಹೇಳಲು ಎದುರಿಗೆ ಯಾರೂ ಇರಲಿಲ್ಲ. ಮರಕುಟಿಗ ಆಗಲೇ ತಾರೆಮರದ ದಾರಿ ಹಿಡಿದಿದ್ದ.

ಮರ ನರಳುತ್ತಿತ್ತು. ಮರಕುಟಿಗ ಸಂದಿಯಲ್ಲಿ ಇಣುಕಿ, "ಹಿಂದೆ ಸರಿ" ಎಂದ. ಗಂಡನಿಗೆ ಆ ಹೊತ್ತಿನಲ್ಲೂ ಅದು ಚುಚ್ಚಿತು. ಹೆಂಡತಿ ಹಿಂದೆ ಸರಿದಳು. ಕಲ್ಲಿನಂತಾಗಿದ್ದ ಮಣ್ಣನ್ನು ಮರಕುಟಿಗ ಒಡೆದು ಹಾಕಿದ.

"ಬಾ ಹೊರಗೆ."

"ಗರಿ ಇಲ್ಲ. ಹಾರೋಕಾಗಲ್ಲ."

"ನಡಿ. ಕೊಂಬೆ ಮೇಲೆ. ಮತ್ತಿಮರದಲ್ಲಿ ಪೊಟರೆ ಇದೆ."

"ಮೊಟ್ಟೆ?"

ಮರಕುಟಿಗ ರಾಯನ ಕಡೆ ಕೊಕ್ಕು ತೋರಿಸಿದ. "ನೀನು. ಬಾಯಲ್ಲಿ."

ಮರಕುಟಿಗ ಮುಂದೆ, ಅವಳು ಹಿಂದೆ, ಕೊಂಬೆಯ ಮೇಲೆ ಹೊರಟರು. ತಾರೆಮರದ ಕೊಂಬೆ ಮತ್ತಿಮರವನ್ನು ಮುಟ್ಟುವ ಜಾಗದಲ್ಲಿ ಗಾಳಿ ಒಮ್ಮೆ ಎರಡನ್ನೂ ಕೂಡಿಸುತ್ತಿತ್ತು, ಒಮ್ಮೆ ಅಗಲಿಸುತ್ತಿತ್ತು. ಕೆಳಗೆ ಹಳ್ಳದ ಬಂಡೆಗಳು. ಬೋಳು ರೆಕ್ಕೆಯನ್ನು ಎಷ್ಟು ಬಡಿದರೂ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಎಡಕ್ಕೆ," ಎಂದ ಮರಕುಟಿಗ. "ಗಟ್ಟಿ ಹಿಡಿ. ನಿಲ್ಲು." ಗಾಳಿ ತಗ್ಗಿತು. "ಈಗ."

ಅವಳು ಜಿಗಿದಳು. ಮತ್ತಿಮರದ ತೊಗಟೆ ಕಾಲಿಗೆ ಸಿಕ್ಕಿತು. ಭಯಪಡಬೇಡಮ್ಮ, ನಾನಿದ್ದೇನೆ ಎಂದೆಲ್ಲ ಅವನು ಹೇಳುತ್ತ ನಿಂತಿದ್ದರೆ ಗಾಳಿ ಕಾಯುತ್ತಿರಲಿಲ್ಲ.

ಇತ್ತ ರಾಯ ಪೊಟರೆಗೆ ತಲೆ ತೂರಿಸಿ ಮೊಟ್ಟೆಯನ್ನು ಎತ್ತಿಕೊಂಡ. ಹಣ್ಣಿನ ಸಿಪ್ಪೆ ಹರಿಯದಂತೆ ತರುವ ಕೊಕ್ಕು ಅದು, ಮೊಟ್ಟೆಯೂ ಒಡೆಯದೆ ಬಂತು. ಬಾಯಲ್ಲಿ ಮೊಟ್ಟೆ ಇದ್ದುದರಿಂದ ಮಾತಾಡುವಂತಿರಲಿಲ್ಲ. ಕೆಲಸ ಬೇಗ ಆಯಿತು.

ಹೆಂಡತಿ ಮತ್ತಿಮರದ ಪೊಟರೆಯಲ್ಲಿ ಮೊಟ್ಟೆಯ ಮೇಲೆ ಕೂತು ಉಸಿರು ಬಿಡುವಷ್ಟರಲ್ಲಿ ತಾರೆಮರ ಬುಡಸಮೇತ ಕಿತ್ತುಕೊಂಡು ಹಳ್ಳಕ್ಕೆ ಬಿತ್ತು. ಕಾಡಿಗೆ ಕಾಡೇ ಓಡಿಬಂತು. ಮರದ ಬುಡ ಮೇಲೆ ಕಾಣುತ್ತಿತ್ತು. ಒಳಗೆ ಮರವೇ ಇರಲಿಲ್ಲ, ಗೆದ್ದಲು ಇತ್ತು.

ರಾಯನ ಬಾಯಿ ಈಗ ಖಾಲಿಯಾಗಿತ್ತು. "ಇಷ್ಟು ಹತ್ತಿರದಲ್ಲಿ ಇಂಥ ಪೊಟರೆ ಇದೆ ಅಂತ ಅವತ್ತೇ ಹೇಳಬಾರದಿತ್ತಾ?"

"ತೋರಿಸಿದೆ," ಎಂದ ಮರಕುಟಿಗ.

"ಯಾವಾಗ?"

"ಅವತ್ತೇ. ಇಲ್ಲಿ ಕೂತು ಕುಟ್ಟಿದೆ. ಕಾದೆ. ನೀವು ಬರಲಿಲ್ಲ."

"ಕರೆದೆಯಾ?"

"ಕುಟ್ಟಿದೆ."

"ಬುಡದಲ್ಲಿ ಗೆದ್ದಲು ಇದೆ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲೋ ಮಾರಾಯ!"

"ಬೇಡ ಅಂದೆನಲ್ಲ."

ಅವನಿಗೆ ಆಶ್ಚರ್ಯವಾಗಿತ್ತು. ಆ ಮಾತಿನಲ್ಲಿ ಗೆದ್ದಲೂ ಸೇರಿದೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

ನೆರೆದವರಿಗೆ ಈಗ ಮರಕುಟಿಗನ ಮೇಲೆ ಪ್ರೀತಿ ಉಕ್ಕಿತು. "ನಾಲಿಗೆ ಒರಟಾದರೂ ಮನಸ್ಸು ಚಿನ್ನ," ಎಂದಿತು ಗಿಳಿ. "ನಾನು ಮೊದಲೇ ಹೇಳಿದ್ದೆ," ಎಂದಿತು ಪಾರಿವಾಳ. ಅದು ಯಾವತ್ತೂ ಹಾಗೆ ಹೇಳಿರಲಿಲ್ಲ.

"ಸಾಕು," ಎಂದಳು ಪೊಟರೆಯೊಳಗಿಂದ ಮಂಗಟ್ಟೆಯ ಹೆಂಡತಿ.

"ಇವರು ಕಾರಣ ಕೇಳಲಿಲ್ಲ, ಹೊಗಳಿಕೆ ಕೇಳಿದರು. ಅದು ಇವರ ತಪ್ಪು. ಆದರೆ ಕುಟಿಗಪ್ಪ, ಗೆದ್ದಲು ಅನ್ನೋ ಮಾತು ನಿನ್ನ ಹತ್ತಿರ ಇತ್ತು. ಅದನ್ನ ಇಲ್ಲಿ ಇಳಿಸದೆ ನೀನು ಮನೆಗೆ ತಗೊಂಡು ಹೋದೆ. ನಾನು ಗರಿ ಉದುರಿಸಿಕೊಂಡು ಆ ಮರದ ಒಳಗೆ ಕೂತೆ. ನೀನು ಇವತ್ತು ನನ್ನ ಜೀವ ಉಳಿಸಿದೆ, ಇಲ್ಲ ಅನ್ನಲ್ಲ. ಅವತ್ತೇ ಒಂದು ಮಾತು ಹೆಚ್ಚು ಆಡಿದ್ದರೆ ಉಳಿಸೋ ಕೆಲಸವೇ ಇರ್ತಿರಲಿಲ್ಲ."

ಮರಕುಟಿಗ ಬಹಳ ಹೊತ್ತು ಯೋಚಿಸಿದ. ಕಾಡಿನವರು ಅವನಿಗೆ ಸಿಟ್ಟು ಬಂತೆಂದುಕೊಂಡರು.

"ಹೌದು," ಎಂದ.

ಆಮೇಲೆ ಮತ್ತಿಮರದ ಬುಡಕ್ಕಿಳಿದು ಸುತ್ತಲೂ ಕುಟ್ಟಿ, ಪೊಟರೆಯ ಹತ್ತಿರ ಬಂದು, "ಆಗಬಹುದು" ಎಂದು ರೆಕ್ಕೆ ಬಿಚ್ಚಿದ. ಹಾರಲಿಲ್ಲ. ರೆಕ್ಕೆ ಮಡಚಿ ತಿರುಗಿ ಕೂತ. ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಕತ್ತು ಆಡಿಸಿದ.

"ಬುಡ ಗಟ್ಟಿ ಇದೆ," ಎಂದ. "ಬೇರು ಬಂಡೆ ಹಿಡಿದಿದೆ." ಎಲ್ಲರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. "ಬಾಗಿಲು ಗುಡ್ಡದ ಕಡೆಗಿದೆ. ಮಳೆಯ ಎರಚಲು ಒಳಗೆ ಬರಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಸುಸ್ತಾಗಿತ್ತು. ಹಾರಿಹೋದ.

"ಏನೇ ಹೇಳಿ, ಇತ್ತೀಚೆಗೆ ತುಂಬ ಮಾತಾಡ್ತಾನೆ," ಎಂದಿತು ಗಿಳಿ.

ಮಂಗಟ್ಟೆರಾಯ ಗಂಟಲು ಸರಿಮಾಡಿಕೊಂಡ. ನೆರೆದ ಬಂಧುಗಳೇ ಎಂದು ಶುರುಮಾಡಿ, ಈ ದಿನದ ಮಹತ್ವ, ತನಗಾದ ಅನುಭವ, ಮತ್ತಿಮರದ ಹಿರಿಮೆ ಎಲ್ಲವನ್ನೂ ವಿವರವಾಗಿ ಹೇಳುವ ಮನಸ್ಸಿತ್ತು ಅವನಿಗೆ. ಮೋಡ ಕಪ್ಪಾಗಿತ್ತು, ಹೆಂಡತಿಯ ಮುಂದೆ ಬಾಗಿಲು ತೆರೆದೇ ಇತ್ತು.

"ರೀ," ಎಂದಳು ಅವಳು. "ಮಣ್ಣು."

ಅದರಲ್ಲಿ ಅವನಿಗೆ ಒರಟುತನ ಏನೂ ಕಾಣಲಿಲ್ಲ. ತರಲು ಹೋದ.

ನೀತಿ: ಸಿಹಿ ಮಾತನ್ನು ತೂಗಿ ನೋಡದೆ ಕೊಳ್ಳಬೇಡ, ಒರಟು ಮಾತನ್ನು ಕಾರಣ ಕೇಳದೆ ತಳ್ಳಬೇಡ, ಹೇಳುವವನು ನೀನೇ ಆದರೆ, ಯಾರೂ ಕೇಳುವ ಮೊದಲೇ ಕಾರಣವನ್ನೂ ಹೇಳು.