ಕಳಲೆ ತಂದ ಸೊಸೆ

"ತಾವಾಗಿ ಕೇಳದವರಿಗೆ ನಮಗೆ ತಿಳಿದದ್ದನ್ನು ಹೇಳಬೇಕೇ, ಗುರುಗಳೇ? ಅದೂ ನಮ್ಮ ಮಾತನ್ನು ಒಮ್ಮೆ ಕಾಲಕಸ ಮಾಡಿದವರಿಗೆ?" ಎಂದು ಮರುಳಯ್ಯ ಕೇಳಿದ.

ಮಠದ ಹಿರಿಯ ಶಿಷ್ಯರೊಬ್ಬರು ಎಲ್ಲರೆದುರು ಅವನನ್ನು ಹೀಗಳೆದಿದ್ದರು. ಅಂದಿನಿಂದ ಅವನು ಅವರೊಡನೆ ಮಾತು ಬಿಟ್ಟಿದ್ದ. ಗುರುಗಳಿಗೆ ಅದು ಗೊತ್ತಿತ್ತು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಬಯಲುಸೀಮೆಯ ಪೇಟೆಯೊಂದರಲ್ಲಿ ಒಬ್ಬ ವರ್ತಕನಿದ್ದ. ಅವನ ಕಿರಿಯ ಮಗನಿಗೆ ಕಾಡಂಚಿನ ಹಳ್ಳಿಯಿಂದ ಹೆಣ್ಣು ತಂದಿದ್ದರು. ಅವಳ ತವರಿನ ಸುತ್ತ ಬಿದಿರು ಮೆಳೆಗಳಿದ್ದವು. ಮಳೆ ಹಿಡಿದೊಡನೆ ಅಲ್ಲಿಯವರು ಎಳೆ ಬಿದಿರಿನ ಮೊಳಕೆ ಮುರಿದು ತರುತ್ತಿದ್ದರು. ಅದನ್ನು ಕಳಲೆ ಎನ್ನುತ್ತಾರೆ. ಸಿಪ್ಪೆ ಸುಲಿದು, ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಹಾಕಿದರೆ ಅದರ ಕಹಿಯೂ ನಂಜೂ ಹೋಗುತ್ತದೆ. ಆಮೇಲೆ ಬೇಯಿಸಿ, ಹೆಸರುಕಾಳಿನ ಜೊತೆ ಪಲ್ಯ ಮಾಡುತ್ತಾರೆ. ಬೇಲಿಯ ಸೊಪ್ಪುಗಳಲ್ಲಿ ಯಾವುದು ಬಾಣಂತಿಗೆ, ಯಾವುದು ಮಕ್ಕಳಿಗೆ ಎಂಬುದೂ ಅಲ್ಲಿನ ಹೆಂಗಸರಿಗೆ ಗೊತ್ತಿತ್ತು. ಅವಳೂ ತಾಯಿಯ ಸೆರಗು ಹಿಡಿದು ತಿರುಗಿ ಅದನ್ನೆಲ್ಲ ಕಲಿತಿದ್ದಳು.

ವರ್ತಕನ ಮನೆಯ ರೀತಿಯೇ ಬೇರೆ. ಅಲ್ಲಿ ಪೇಟೆಯಿಂದ ತಂದದ್ದನ್ನಲ್ಲದೆ ಬೇರೇನನ್ನೂ ಬೇಯಿಸುತ್ತಿರಲಿಲ್ಲ. ತಳಿಸಿ ಬೆಳ್ಳಗಾದ ಅಕ್ಕಿಯ ಅನ್ನ, ತಿಳಿಸಾರು, ಹಪ್ಪಳ, ಉಪ್ಪಿನಕಾಯಿ. ಬೇಲಿಯ ಮೇಲಿನದನ್ನು ಕಿತ್ತು ತಿನ್ನುವುದು ಗತಿಯಿಲ್ಲದವರ ಲಕ್ಷಣವೆಂದು ಅತ್ತೆ ತಿಳಿದಿದ್ದಳು.

ಮದುವೆಯಾದ ಮೊದಲ ಮಳೆಗಾಲದಲ್ಲಿ ಸೊಸೆ ತವರಿಗೆ ಹೋಗಿ ಬರುವಾಗ ಒಂದು ಗಂಟು ಕಳಲೆ ತಂದಳು. ಯಾರಿಗೂ ಹೇಳದೆ ಹಿತ್ತಿಲಲ್ಲಿ ನೆನೆಹಾಕಿದಳು. ಮನೆಯವರಿಗೆಲ್ಲ ಉಣಬಡಿಸಬೇಕು, ಇದೇನೆಂದು ಅವರು ಕೇಳಬೇಕು, ಆಗ ಹೇಳಬೇಕು ಎಂದು ಅವಳಿಗೆ ಆಸೆ. ಆದರೆ ನೆನೆದ ಕಳಲೆಗೆ ಒಂದು ವಾಸನೆ ಇರುತ್ತದೆ. ಆ ದಿನ ಮನೆಗೆ ನೆಂಟರು ಬಂದಿದ್ದರು. ಅವರಲ್ಲಿ ಒಬ್ಬಳು ಮೂಗು ಮುಚ್ಚಿಕೊಂಡು ಇದೇನೆಂದು ಕೇಳಿದಳು. ಅತ್ತೆಗೆ ತಲೆ ತಗ್ಗಿಸುವಂತಾಯಿತು. ಅವಳು ಪಾತ್ರೆಯನ್ನು ತಿಪ್ಪೆಗೆ ಬೋರಲು ಹಾಕಿ, "ನಿನ್ನ ಕಾಡನ್ನು ಕಾಡಲ್ಲೇ ಬಿಟ್ಟು ಬರಬೇಕಿತ್ತು," ಎಂದಳು. ನೆಂಟರು ನಕ್ಕರು. ಗಂಡನೂ ನಕ್ಕ.

ಸೊಸೆ ಅಳಲಿಲ್ಲ. ಇನ್ನು ಈ ಮನೆಯಲ್ಲಿ ನನಗೆ ಗೊತ್ತಿರುವುದನ್ನು ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು. ಅತ್ತೆ ಹೇಳಿದ್ದನ್ನು ಹೇಳಿದಂತೆ ಬೇಯಿಸಿದಳು. ಎಲ್ಲರೂ ಅವಳನ್ನು ಒಳ್ಳೆಯ ಸೊಸೆ ಎಂದರು.

ಕೆಲವು ವರ್ಷ ಹೀಗೆ ಕಳೆಯಿತು. ಹಿರಿಯ ಮಗನ ಹೆಂಡತಿಗೆ, ಅಂದರೆ ಅವಳ ಓರಗಿತ್ತಿಗೆ, ಒಬ್ಬಳು ಮಗಳಿದ್ದಳು. ಸೊಸೆಗೆ ಮಕ್ಕಳಿರಲಿಲ್ಲ. ಹಾಗಾಗಿ ಹುಡುಗಿ ಚಿಕ್ಕವ್ವ ಚಿಕ್ಕವ್ವ ಎಂದು ಅವಳ ಹಿಂದೆಯೇ ಇರುತ್ತಿದ್ದಳು. ಒಂದು ಬೇಸಗೆಯಲ್ಲಿ ಆ ಮಗುವಿಗೆ ದಡಾರವಾಯಿತು. ಪಥ್ಯವೆಂದು ಹಾಲು ತುಪ್ಪ ನಿಲ್ಲಿಸಿ ಬರೀ ಗಂಜಿ ಕೊಟ್ಟರು. ದಡಾರ ಇಳಿಯಿತು. ಮಗು ಮಾತ್ರ ಚೇತರಿಸಿಕೊಳ್ಳಲಿಲ್ಲ. ಹೊತ್ತು ಮುಳುಗಿದ ಮೇಲೆ ಹೊಸ್ತಿಲು ಎಡವತೊಡಗಿತು. ಮುಂದಿಟ್ಟ ತಟ್ಟೆಗೆ ಕೈ ತಡಕಾಡುತ್ತಿತ್ತು.

ಸೊಸೆಗೆ ಮೊದಲ ಸಂಜೆಯೇ ಗೊತ್ತಾಯಿತು. ಅದು ಇರುಳುಗಣ್ಣು. ತವರಿನಲ್ಲಿ ಇಂಥ ಮಕ್ಕಳಿಗೆ ಏನು ಮಾಡುತ್ತಿದ್ದರೆಂದು ಅವಳು ಕಂಡಿದ್ದಳು. ಹೊನಗೊನ್ನೆ ಸೊಪ್ಪು, ನುಗ್ಗೆಸೊಪ್ಪು, ಕೆಸುವಿನ ಎಳೆ ಎಲೆ, ಎಲ್ಲವನ್ನೂ ಎಣ್ಣೆಯ ಒಗ್ಗರಣೆಯಲ್ಲಿ ಬಾಡಿಸಿ ದಿನವೂ ತಿನ್ನಿಸುತ್ತಿದ್ದರು. ಹೊನಗೊನ್ನೆ ಹಿತ್ತಿಲ ಬಚ್ಚಲ ನೀರು ಹರಿಯುವ ಕಡೆಯೇ ಬೆಳೆದಿತ್ತು. ನುಗ್ಗೆ ಬೇಲಿಯಲ್ಲಿತ್ತು.

ಹೇಳಲು ಬಾಯಿ ತೆರೆದಳು. ಆಗ ಕಳಲೆ ಚೆಲ್ಲಿದ ದಿನದ ನಗು ನೆನಪಾಯಿತು. ಅವರೇ ಕೇಳಲಿ, ಕೇಳಿದರೆ ಹೇಳುತ್ತೇನೆ ಎಂದುಕೊಂಡಳು. ಯಾರೂ ಕೇಳಲಿಲ್ಲ. ಅವಳಿಗೆ ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ವರ್ತಕ ಹರಕೆ ಹೊತ್ತ. ಪಕ್ಕದೂರಿನ ಪಂಡಿತನಿಂದ ಅಂಜನ ತರಿಸಿದ. ಓರಗಿತ್ತಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅಂಜನ ಹಚ್ಚುವಾಗ ಸೊಸೆ ದೀಪ ಹಿಡಿದು ನಿಲ್ಲುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದಳು. ಮಗುವಿನ ಕಣ್ಣು ಒಣಗಿ ಹೊಳಪು ಕಳೆದುಕೊಂಡಿತು. ಆಮೇಲೆ ಎಡಗಣ್ಣಿನ ಗುಡ್ಡೆಯ ಮೇಲೆ ಬಿಳಿಯ ಹೂವು ಬಿದ್ದಿತು.

ಅದೇ ವಾರ ಸೊಸೆಯ ತಾಯಿ ಮಗಳನ್ನು ನೋಡಲು ಬಂದಳು. ಜಗಲಿಯಲ್ಲಿ ಕೂತಿದ್ದ ಮಗುವಿನ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ನೀನು ಈ ಮನೆಯಲ್ಲೇ ಇದ್ದೆಯಲ್ಲವೇನೇ?"

ತಾಯಿ ಹಿತ್ತಿಲಿಗೆ ಹೋಗಿ ಮಡಿಲು ತುಂಬ ಸೊಪ್ಪು ಬಿಡಿಸಿಕೊಂಡು ಬಂದಳು. ಅತ್ತೆ ತಡೆಯುತ್ತಾಳೆ, ಮತ್ತೆ ಕಾಡಿನ ಮಾತು ಬರುತ್ತದೆ ಎಂದು ಸೊಸೆ ಕಾದಳು. ಅತ್ತೆ ಏನನ್ನೂ ಕೇಳದೆ ಒಲೆಯ ಮುಂದಿನಿಂದ ಎದ್ದು ಜಾಗ ಬಿಟ್ಟಳು. ಬೆಂದ ಸೊಪ್ಪನ್ನು ತಾನೇ ತುತ್ತು ಮಾಡಿ ಮೊಮ್ಮಗಳ ಬಾಯಿಗಿಟ್ಟಳು. ಅದನ್ನು ಕಂಡಾಗ ಸೊಸೆಗೆ ಹೊಳೆಯಿತು. ತಾನು ಹೇಳಿದ್ದರೆ ಆ ಹೆಂಗಸು ಮೊದಲ ಸಂಜೆಯೂ ಹೀಗೆಯೇ ಎದ್ದು ಜಾಗ ಬಿಡುತ್ತಿದ್ದಳು.

ತಾಯಿ ಊರಿಗೆ ಮರಳಿದ ಮೇಲೆ ಸೊಸೆಯೇ ದಿನವೂ ಸೊಪ್ಪು ಬೇಯಿಸಿ ತಿನ್ನಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಗುವಿಗೆ ದೀಪದ ಬೆಳಕಿನಲ್ಲಿ ತಟ್ಟೆ ಕಾಣತೊಡಗಿತು. ಬಲಗಣ್ಣು ಉಳಿಯಿತು. ಎಡಗಣ್ಣಿನ ಹೂವು ಹೋಗಲಿಲ್ಲ.

ಆಮೇಲೆ ವರ್ತಕನ ಮನೆಯಲ್ಲಿ ಸೊಪ್ಪಿಲ್ಲದ ಊಟವೇ ಇರಲಿಲ್ಲ. ಮಳೆ ಬಂದರೆ ಅತ್ತೆಯೇ ಆಳು ಕಳಿಸಿ ಕಳಲೆ ತರಿಸುತ್ತಿದ್ದಳು. ನೆರೆಹೊರೆಯ ಹೆಂಗಸರು ಬಂದು ಸೊಸೆಯಿಂದ ಕಲಿತು ಹೋದರು. ಆ ಬೀದಿಯ ಮಕ್ಕಳ ಮೈಯಲ್ಲಿ ಕಸುವು ಬಂತು. ಎಲ್ಲರೂ ಅವಳನ್ನು ಹೊಗಳಿದರು. ಹೊಗಳಿದಾಗಲೆಲ್ಲ ಅವಳು ಏನಾದರೂ ಕೆಲಸ ಹಚ್ಚಿಕೊಂಡು ಎದ್ದು ಹೋಗುತ್ತಿದ್ದಳು.

ಹುಡುಗಿ ಬೆಳೆದಳು. ಅವಳಿಗೆ ಗಂಡು ಗೊತ್ತಾಗುವುದು ತಡವಾಯಿತು. ನೋಡಲು ಬಂದವರು ಕಣ್ಣು ನೋಡಿ ಎದ್ದು ಹೋಗುತ್ತಿದ್ದರು. ಅಂತೂ ಒಂದು ಮನೆಯವರು ಒಪ್ಪಿದರು. ಗಂಡನ ಮನೆಗೆ ಹೊರಟ ದಿನ ಅವಳು ಹೆತ್ತವಳಿಗಿಂತ ಮೊದಲು ಚಿಕ್ಕವ್ವನ ಕಾಲಿಗೆ ಬಿದ್ದು, "ಒಂದು ಕಣ್ಣಾದರೂ ನನಗೆ ಇರುವುದು ನಿನ್ನಿಂದ," ಎಂದಳು.

ಸೊಸೆಗೆ ಅವಳ ತಲೆಯ ಮೇಲೆ ಕೈಯಿಡಲು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಹೇಳಲಿಲ್ಲ. ಹುಡುಗಿ ಗಾಡಿ ಹತ್ತಿ ಹೋದಳು.

ಗುರುಗಳು ಕತೆ ಮುಗಿಸಿದರು. ಮರುಳಯ್ಯನ ಮನಸ್ಸು ಇನ್ನೂ ಒಪ್ಪಿರಲಿಲ್ಲ.

"ಆದರೂ ಗುರುಗಳೇ, ಮೊದಲು ನೋಯಿಸಿದವಳು ಅತ್ತೆಯೇ ಅಲ್ಲವೇ?"

"ಹೌದಪ್ಪಾ, ನೋಯಿಸಿದವಳು ಅತ್ತೆಯೇ, ಹೋದ ಕಣ್ಣು ಮಾತ್ರ ಅತ್ತೆಯದಲ್ಲ."