ಗಂಟುಸೀರೆವ್ವನ ಕಿಂಡಿ

ಬಟ್ಟಲಗೇರಿಗೆ ಹೋಗುವ ಬಸ್ಸು ಊರೊಳಗೆ ಇಳಿಯುವುದಿಲ್ಲ. ಮೇಲೆ, ಎರಡು ಕೆಂಗಲ್ಲಿನ ಗುಡ್ಡಗಳ ನಡುವಿನ ಕಿಂಡಿಯಲ್ಲಿಯೇ ನಮ್ಮನ್ನು ಇಳಿಸಿ ಹೋಗುತ್ತದೆ. ಇಳಿದವರು ಮೊದಲು ಮಾಡುವ ಕೆಲಸವೆಂದರೆ ತಲೆಯ ಮೇಲಿನದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ವರ್ಷದ ಹನ್ನೆರಡು ತಿಂಗಳೂ ಇಲ್ಲಿ ಗಾಳಿಗೆ ಬಿಡುವಿಲ್ಲ. ಆ ಗಾಳಿಯ ಬಾಯಿಗೆ ಸರಿಯಾಗಿ ಒಂದು ಗುಡಿ ಇದೆ: ಎಂಟು ಕಲ್ಲುಕಂಬ, ಮೇಲೊಂದು ಚಪ್ಪಡಿ, ಗೋಡೆಯಿಲ್ಲ, ಬಾಗಿಲಿಲ್ಲ. ರಸ್ತೆ ಮಾಡಲು ಬಂದವರು ಅದರ ಮುಂದೆ ‘ಶ್ರೀ ಗ್ರಂಥೀಶ್ವರಿ ಅಮ್ಮನವರು’ ಎಂದು ಬೋರ್ಡು ನೆಟ್ಟು ಹೋಗಿದ್ದಾರೆ. ನಲವತ್ತು ವರ್ಷ ಈ ಊರ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ ನನಗೆ ಆ ಬೋರ್ಡು ಕಂಡಾಗಲೆಲ್ಲ ಮೈ ಉರಿಯುತ್ತದೆ. ನಮ್ಮವ್ವನ ಹೆಸರು ಗಂಟುಸೀರೆವ್ವ. ಗುಡಿಯ ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದರೆ ಸುತ್ತಲೂ ಗುಡ್ಡ, ನಡುವೆ ಕೆರೆ, ಕೆರೆಯ ಸುತ್ತ ಊರು. ಪುಷ್ಯ ಮಾಘದ ಬೆಳಗುಗಳಲ್ಲಿ ಮಾತ್ರ ಊರೇ ಕಾಣುವುದಿಲ್ಲ. ಮಂಜೂ ಒಲೆಯ ಹೊಗೆಯೂ ಕೂಡಿಕೊಂಡು ಹಾಲಿನ ಮೇಲಿನ ಕೆನೆಯಂತೆ ಹತ್ತು ಗಂಟೆಯ ತನಕ ಅಲ್ಲಿಯೇ ಕುಳಿತಿರುತ್ತವೆ.

ಅಂಥ ತಗ್ಗಿನಲ್ಲಿ ಊರು ಕಟ್ಟಿದವರು ದಡ್ಡರೇನಲ್ಲ, ನೇಕಾರರು. ಗಾಳಿಯೆಂದರೆ ನೇಯುವವನಿಗೆ ವೈರಿ. ಒಣಗಾಳಿ ಸೋಕಿದರೆ ಎಳೆ ಬಿರುಸಾಗಿ ಪಟಪಟನೆ ಹರಿಯುತ್ತದೆ. ಆದ್ದರಿಂದ ಹಿರಿಯರು ಗಾಳಿ ತಾಗದ ಈ ಬಟ್ಟಲನ್ನು ಹುಡುಕಿ ಹಿಡಿದರು. ಗವಾಕ್ಷಿಯಿಲ್ಲದ ಕೋಣೆ ಕಟ್ಟಿ, ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯ್ದರು. ಚಳಿಗಾಲದಲ್ಲಿ ಬಾಗಿಲು ಹಾಕಿ, ಸಂದಿಗೆಲ್ಲ ಅರಿವೆ ತುರುಕುತ್ತಿದ್ದರು. ನಾನು ಚಿಕ್ಕವನಿದ್ದಾಗ ಇನ್ನೂ ಇನ್ನೂರು ಮಗ್ಗ ಇದ್ದವು. ಓಣಿಯಲ್ಲಿ ನಡೆದರೆ ಪ್ರತಿ ಮನೆಯ ಲಾಳಿಯ ಸದ್ದೂ ಬೇರೆ ಬೇರೆ. ಕಣ್ಣು ಮುಚ್ಚಿಕೊಂಡೇ ಇದು ಸೋದರಮಾವನ ಮನೆ, ಇದು ಗೆಳೆಯನ ಮನೆ ಎಂದು ಹೇಳುತ್ತಿದ್ದೆವು. ನೂಲಿಗೆ ಹಚ್ಚುವ ಗಂಜಿಯ ಹುಳಿವಾಸನೆ ನಮ್ಮ ಅಂಗಿಗೂ ಪುಸ್ತಕಕ್ಕೂ ಹತ್ತಿರುತ್ತಿತ್ತು. ಆ ವಾಸನೆ ಮತ್ತೊಮ್ಮೆ ಮೂಗಿಗೆ ಬಂದರೆ ಸಾಕು ಎಂದು ಈಗ ಎಷ್ಟೋ ಸಲ ಅನಿಸುತ್ತದೆ. ಈಗ ಉಳಿದಿರುವುದು ಏಳು ಮಗ್ಗ.

ಹಿಂದೆ ಒಮ್ಮೆ, ನಮ್ಮ ಅಜ್ಜಿಯ ಅಜ್ಜಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಪುತಳವ್ವ ಎಂಬ ಹೆಂಗಸು ಈ ಊರಲ್ಲಿದ್ದಳು ಎನ್ನುತ್ತಾರೆ. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಮಗ ಅಡಿವೆಪ್ಪ, ಸೊಸೆ ಹಂಪವ್ವ. ಮಗ ಮಗ್ಗದಲ್ಲಿ ಕುಳಿತರೆ ಪುತಳವ್ವನ ಕೆಲಸ ನೂಲಿಗೆ ಗಂಜಿ ಹಚ್ಚುವುದು. ಉದ್ದಕ್ಕೆ ಎಳೆದು ಕಟ್ಟಿದ ನೂಲು ಒಣಗಲು ಬಯಲು ಬೇಕಾದ್ದರಿಂದ ನಸುಕಿನಲ್ಲಿಯೇ ಊರ ಹೊರಗೆ, ಕಿಂಡಿಯ ಬುಡಕ್ಕೆ ಹೋಗುತ್ತಿದ್ದಳು. ಆ ಕಾಲಕ್ಕೆ ಪುಷ್ಯ ಬಂತೆಂದರೆ ಊರಿಗೆ ಕೆಮ್ಮುಜ್ವರ ಬರುತ್ತಿತ್ತು. ಮೊದಲು ಕೆರೆಯ ಪಕ್ಕದ ಕೆಳಗೇರಿಯಲ್ಲಿ ಒಬ್ಬ ಕೆಮ್ಮುವನು. ಎಂಟು ದಿನದಲ್ಲಿ ಸಾಲು ಹಿಡಿದು ಮನೆಯಿಂದ ಮನೆಗೆ ಏರುವುದು. ಮುದುಕರು, ಕೂಸುಗಳು ಉಳಿಯುತ್ತಿರಲಿಲ್ಲ. ಚಳಿಗಾಳಿಯೇ ಕೆಮ್ಮನ್ನು ತರುತ್ತದೆಂದು ನಂಬಿದ್ದ ಜನ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಾಕುತ್ತಿದ್ದರು. ಒಂದು ವರ್ಷ ಹಂಪವ್ವನ ಚೊಚ್ಚಲ ಗಂಡುಕೂಸು ಹಾಗೆಯೇ ಹೋಯಿತು. ಮೂರು ದಿನ ಮುಚ್ಚಿದ ಕೋಣೆಯಲ್ಲಿ ಅದರ ಎದೆ ಗೊರಗೊರ ಎನ್ನುವುದನ್ನು ಕೇಳುತ್ತ ಕುಳಿತಿದ್ದ ಪುತಳವ್ವ, ನಾಲ್ಕನೆಯ ದಿನ ಗಂಜಿಯ ಗಡಿಗೆ ಹೊತ್ತು ಕಿಂಡಿಯ ಕಡೆಗೆ ನಡೆದಳಂತೆ.

ಕೈ ಕೆಲಸ ಮಾಡುವಾಗ ಕಣ್ಣು ಸುಮ್ಮನಿರುವುದಿಲ್ಲವಷ್ಟೆ. ಗಂಜಿ ಹಚ್ಚುವ ಹೆಂಗಸರು ಬಯಲಲ್ಲಿ ಅರ್ಧ ದಿನ ಕಳೆಯುವವರು. ಅವರಲ್ಲಿ ಕೆಮ್ಮಿ ಮಲಗಿದವರು ಬೆರಳೆಣಿಕೆಯಷ್ಟು. ಕಿಂಡಿಯಲ್ಲಿ ಹಟ್ಟಿ ಹಾಕುವ ಕುರುಬರೂ ಹಾಗೆಯೇ. ಊರಿಗಿಳಿದು ಜೋಳ ಕೊಳ್ಳುತ್ತಿದ್ದರು, ಹರಟುತ್ತಿದ್ದರು, ಆದರೆ ಅವರ ಕೂಸುಗಳು ಮಾಘ ಕಳೆದ ಮೇಲೂ ಮರಿಗಳ ಹಿಂದೆ ಓಡಾಡುತ್ತಿದ್ದವು. ಹಟ್ಟಿಯ ಯಲಗೂರಪ್ಪನನ್ನು ಅವಳು ಒಮ್ಮೆ ಕೇಳಿಯೇಬಿಟ್ಟಳು.

“ನಿಮ್ಮ ಹಟ್ಟ್ಯಾಗ ಕೆಮ್ಮು ಬರೂದಿಲ್ಲೇನಪಾ?”

“ಬರದ ಏನ್ ಮಾಡತೈತಬೇ ಯವ್ವಾ? ಬರತೈತಿ. ಆದ್ರ ಕುಂದ್ರಾಕ ಗಾಳಿ ಬಿಡಬೇಕಲ್ಲ!” ಎಂದು ಆತ ನಕ್ಕ.

ಪುತಳವ್ವ ನಗಲಿಲ್ಲ. ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು.

ಮರುವರ್ಷ ಹಂಪವ್ವ ಮತ್ತೆ ಹಡೆದಳು, ಹೆಣ್ಣುಕೂಸು. ಅದಕ್ಕೆ ಮೂರು ತಿಂಗಳು ತುಂಬುವ ಹೊತ್ತಿಗೆ ಪುಷ್ಯ ಬಂತು. ಆ ಸಲ ಮಾಘದ ಭಾರತ ಹುಣ್ಣಿಮೆಗೆ, ಆಗಿನ್ನೂ ಕೆಳಗೇರಿಯ ಗುಡಿಯಲ್ಲಿದ್ದ ಊರ ದೇವಿಯ ಸೀರೆ ನೇಯುವ ಸರದಿಯೂ ಅಡಿವೆಪ್ಪನದೇ ಆಗಿತ್ತು. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಮರ್ಯಾದೆ ಅದು. ಸೀರೆಯಲ್ಲಿ ಒಂದೇ ಒಂದು ಗಂಟೂ ಇರಬಾರದು. ಉಡಿಸುವ ಮೊದಲು ಕುಲದ ಹಿರಿಯ ಚೌಡಪ್ಪ ತನ್ನ ತೋರುಬೆರಳಿನ ಮೇಲೆ ಸೀರೆಯನ್ನು ಉದ್ದಕ್ಕೂ ಹಾಯಿಸುವನು. ಬೆರಳು ಎಲ್ಲಿಯಾದರೂ ತಡೆದರೆ ಸೀರೆ ಹಿಂದಕ್ಕೆ, ಆ ಮನೆಯ ಸರದಿ ಮುಂದೆಂದಿಗೂ ಇಲ್ಲ. ಸೀರೆ ಕಾಲುಭಾಗವೂ ಆಗಿರಲಿಲ್ಲ, ಕೆಳಗೇರಿಯಿಂದ ಕೆಮ್ಮು ಏರಿ ಅವರ ಮನೆಯಿಂದ ಎರಡು ಮನೆ ಆಚೆಗೆ ಬಂತು. ಅಂದು ಪುತಳವ್ವ ಮಗನಿಗೆ, ಮಗ್ಗ ಬಿಚ್ಚು, ಕಿಂಡಿಗೆ ಹೋಗೋಣ ಎಂದಳು. ಅಡಿವೆಪ್ಪನದು ಅತ್ತ ದರಿ ಇತ್ತ ಪುಲಿ. ಸುದ್ದಿ ತಿಳಿದು ಚೌಡಪ್ಪ ತಾನೇ ಬಂದು ಬಾಗಿಲಲ್ಲಿ ನಿಂತ.

“ಹಸುಗೂಸನ್ನ ಗಾಳಿಗೆ ಹಿಡೀತಿಯೇನವಾ? ತಾಯಿ ಸೀರಿಗೆ ಗಂಟ ಹಾಕ್ತೀಯೇನ? ನಮ್ಮ ಕುಲದಾಗ ಯಾರರ ಮಾಡ್ಯಾರ ಇದನ್ನ?”

ಪುತಳವ್ವ ಸೆರಗು ಹೊದ್ದು ತಲೆ ತಗ್ಗಿಸಿಯೇ ಉತ್ತರ ಕೊಟ್ಟಳಂತೆ: “ಹರದ ಎಳಿಗೆ ಗಂಟ ಹಾಕಬಹುದ್ರಿ ಹಿರ್ಯಾರ. ಹರದ ಉಸರಿಗೆ ಹಾಕಾಕ ಬರತೈತೇನ್ರಿ? ಬರತಿದ್ದರ ಹ್ವಾದ ವರ್ಸನ ಹಾಕ್ತಿದ್ನಲ್ಲರಿ.”

ಹಂಪವ್ವ ತೊಟ್ಟಿಲಿನಿಂದ ಕೂಸನ್ನೆತ್ತಿ ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ನಡೆದಳು. ಆಮೇಲೆ ಅಡಿವೆಪ್ಪನಿಗೆ ಮಗ್ಗ ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಕಿಂಡಿಯಲ್ಲಿ ಒಂದು ಬಂಡೆಯ ಮರೆಗೆ ಯಲಗೂರಪ್ಪ ಕೊಟ್ಟ ಕಂಬಳಿಯನ್ನು ಚಪ್ಪರದಂತೆ ಕಟ್ಟಿ ಅದರಡಿ ಮಗ್ಗ ಹೂಡಿದರು, ಎರಡೂ ಕಡೆ ಬಯಲು. ಮೊದಲ ದಿನ ಅಡಿವೆಪ್ಪ ನೇಯ್ದದ್ದು ಒಂದು ಗೇಣು. ಹರಿದ ಎಳೆಗಳಿಗೆ ಲೆಕ್ಕವಿರಲಿಲ್ಲ. ಪುತಳವ್ವ ಒದ್ದೆ ಅರಿವೆಯಿಂದ ನೂಲನ್ನು ತೋಯಿಸುತ್ತಲೇ ಇದ್ದಳು, ಗಾಳಿ ಒಣಗಿಸುತ್ತಲೇ ಇತ್ತು. ಹಂಪವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಗಂಟು ಹಾಕಿದಳು. ಊರವರು ಕೆಳಗಿನಿಂದ ನೋಡಿ, ನೇಯುತ್ತಾನೋ ಬಲೆ ಹೆಣೆಯುತ್ತಾನೋ ಎಂದು ನಕ್ಕರು. ವಾರದೊಳಗೆ ನಗುವವರು ಕಡಿಮೆಯಾದರು, ಕೂಸುಗಳನ್ನು ಎತ್ತಿಕೊಂಡು ಹನ್ನೊಂದು ಮನೆಯವರು ಕಿಂಡಿಗೆ ಹತ್ತಿ ಬಂದರು. ಅವರ ಚಪ್ಪರಗಳನ್ನು ಪುತಳವ್ವ ಒಂದಕ್ಕೊಂದು ತಾಗದಂತೆ ದೂರ ದೂರ ಹಾಕಿಸಿದಳು. ಮೇಲೆ ಹೋದವರಲ್ಲಿ ಒಬ್ಬರೂ ಕೆಮ್ಮಲೇ ಇಲ್ಲ ಎಂದು ಹೇಳುವವರಿದ್ದಾರೆ, ನಾನು ನಂಬುವುದಿಲ್ಲ. ಕೆಮ್ಮಿದರು, ಜ್ವರದಲ್ಲಿ ಮಲಗಿದರು, ಒಬ್ಬ ಮುದುಕ ತೀರಿಯೂ ಹೋದ. ಆದರೆ ಒಂದು ಚಪ್ಪರದ ಕೆಮ್ಮು ಮತ್ತೊಂದಕ್ಕೆ ದಾಟಲಿಲ್ಲ. ಕೆಳಗೆ, ಬಾಗಿಲು ಹಾಕಿಕೊಂಡ ಮನೆಗಳಲ್ಲಿ, ಆ ವರ್ಷ ಹದಿನೇಳು ತೊಟ್ಟಿಲು ಬರಿದಾದವು. ಅದರಲ್ಲಿ ಒಂದು ಚೌಡಪ್ಪನ ಮೊಮ್ಮಗನದು.

ಹುಣ್ಣಿಮೆಯ ದಿನ ಅಡಿವೆಪ್ಪ ಸೀರೆ ತಂದು ದೇವಿಯ ಮುಂದಿಟ್ಟು, ಬೈಗುಳಕ್ಕೆ ಸಿದ್ಧನಾಗಿ ಕೈಕಟ್ಟಿ ನಿಂತ. ಚೌಡಪ್ಪ ಕಣ್ಣು ಮುಚ್ಚಿ ಬೆರಳ ಮೇಲೆ ಸೀರೆ ಹಾಯಿಸಿದ. ಗೇಣು ಹೋಗುವಷ್ಟರಲ್ಲಿ ಬೆರಳು ತಡೆಯಿತು. ಬಿಡಿಸಿಕೊಂಡು ಮುಂದೆ ಹೋದ, ಮತ್ತೆ ತಡೆಯಿತು. ನೆರೆದವರು ಎಣಿಸತೊಡಗಿ ನೂರರ ಆಚೆಗೆ ಬಿಟ್ಟುಬಿಟ್ಟರು. ಆದರೂ ಆತ ನಿಲ್ಲಿಸಲಿಲ್ಲ. ಕೊನೆಯ ಸೆರಗಿನ ತನಕ ಹಾಯಿಸಿ, ಕಣ್ಣು ತೆರೆದಾಗ ಹಂಪವ್ವನ ಕಂಕುಳಲ್ಲಿದ್ದ ಕೂಸು ಅವನ ಪೇಟದ ಕಡೆ ಕೈ ಚಾಚುತ್ತಿತ್ತಂತೆ.

“ನನ್ನ ಮಗ್ಗದ ಸೀರ್ಯಾಗ ಒಂದೂ ಗಂಟಿಲ್ಲ. ತೊಟ್ಟಲದಾಗ ಕೂಸೂ ಇಲ್ಲ,” ಎಂದ ಚೌಡಪ್ಪ. “ಇದನ್ನ ಉಡಸ್ರಿ.”

ಇದನ್ನು ಹೇಳುವಾಗ ನಮ್ಮ ಅಜ್ಜಿ ಪ್ರತಿ ಸಲವೂ ಅಳುತ್ತಿದ್ದಳು. ಕಂಕುಳಲ್ಲಿದ್ದ ಆ ಕೂಸಿಗೆ ಗಾಳೆವ್ವ ಎಂದು ಹೆಸರಿಟ್ಟರು. ಅವಳ ಮಗಳ ಮಗಳೇ ನಮ್ಮ ಅಜ್ಜಿಯ ಅಜ್ಜಿ. ಮರುವರ್ಷ ಚೌಡಪ್ಪನೇ ಮುಂದೆ ನಿಂತು ಕೆಳಗೇರಿಯ ಕತ್ತಲೆಯ ಗುಡಿಯಿಂದ ದೇವಿಯನ್ನು ಎತ್ತಿಸಿ ಕಿಂಡಿಗೆ ತಂದ, ಗೋಡೆ ಕಟ್ಟಗೊಡಲಿಲ್ಲ. ಅಂದಿನಿಂದ ಪುಷ್ಯದಲ್ಲಿ ಯಾರ ಮನೆಯಲ್ಲಿ ಕೆಮ್ಮು ಕಂಡರೂ ಮಗ್ಗ ನಿಲ್ಲಿಸಿ ಬಾಗಿಲು ತೆರೆದಿಡುವುದು ಊರ ಕಟ್ಟಳೆಯಾಯಿತು. ಕೆಲವು ವರ್ಷಗಳ ಹಿಂದೆ ಸರಕಾರಿ ದವಾಖಾನೆಯ ಡಾಕ್ಟರು ಈ ಕಥೆ ಕೇಳಿ, ಚಳಿ, ನಿಂತ ಹವೆ, ಮುಚ್ಚಿದ ಕೋಣೆ ಕೂಡಿದಲ್ಲಿ ಕೆಮ್ಮಿನ ವೈರಸ್ಸಿಗೆ ಹಬ್ಬವೇ ಸರಿ ಎಂದರು. ಪುತಳವ್ವನಿಗೆ ವೈರಸ್ಸು ಗೊತ್ತಿರಲಿಲ್ಲ, ಗಾಳಿ ಗೊತ್ತಿತ್ತು.

ಬಂದವರು ಇಂದಿಗೂ ನೋಡಬಹುದು: ಭಾರತ ಹುಣ್ಣಿಮೆಯ ದಿನ ಪೂಜಾರಿ ಸೀರೆಯನ್ನು ಬೆರಳ ಮೇಲೆ ಹಾಯಿಸುತ್ತಾನೆ. ಬೆರಳು ಎಲ್ಲಿಯೂ ತಡೆಯದಿದ್ದರೆ ಸೀರೆಯನ್ನು ಮಡಚಿ ಹಿಂದಕ್ಕೆ ಕೊಡುತ್ತಾನೆ. ಹೋದ ವರ್ಷ ಹುಬ್ಬಳ್ಳಿಯಿಂದ ಬಂದ ಒಬ್ಬ ಬಾಣಂತಿ ಹರಕೆಯ ರೇಷ್ಮೆ ಸೀರೆ ತಂದಿದ್ದಳು. ಕೂದಲೆಳೆಯಷ್ಟೂ ಕುಂದಿಲ್ಲದ ಸೀರೆ. ಪೂಜಾರಿ ಅದನ್ನು ಹಿಂದಕ್ಕೆ ಕೊಟ್ಟಾಗ ಅವಳ ಮುಖ ಬಾಡಿತು. ನಾನು ಹತ್ತಿರ ಕೂರಿಸಿಕೊಂಡು, ಈಗ ನಿಮಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅವಳು ಗುಡಿಯ ಕಟ್ಟೆಯ ಮೇಲೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತು, ಸೀರೆಯ ನಡುವಿನ ಒಂದು ಎಳೆಯನ್ನು ಉಗುರಿನಿಂದ ಎತ್ತಿ, ಹಲ್ಲಿನಿಂದ ಕಡಿದು, ಗಂಟು ಹಾಕಲು ನೋಡಿದಳು. ಬಹಳ ಹೊತ್ತು ಹಿಡಿಯಿತು. ಆ ಗಾಳಿಗೆ ಎಳೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕೂಸು ಮಾತ್ರ ಗಾಢವಾಗಿ ನಿದ್ದೆ ಮಾಡುತ್ತಿತ್ತು.